ಅತ್ತೆಯ ಕಷಾಯ

ಹಿಂದೂಪುರ
14-7-2024

ಮುರಳಿ ಬಾವನಿಗೆ ರಮಾದೇವಿಯ ನಮಸ್ಕಾರಗಳು.

ನೀವು ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಟ್ರ್ಯಾಕ್ಟರ್ ರಿಪೇರಿಗೆ ಬಗ್ಗಿ ಬಗ್ಗಿ ಹಿಡಿದುಕೊಂಡಿದ್ದ ಸೊಂಟ ಸರಿಹೋಯಿತೆ? ಅತ್ತೆಯ ಮಂಡಿನೋವು ಹೇಗಿದೆ? ನಮ್ಮ ಮಗಳು ಮೌನಿಕಾ ತಲೆ ಬಾಚುವಾಗ ಈಗಲೂ ಅಳುತ್ತಾಳೆಯೆ, ಹಣೆಯ ಹೊಲಿಗೆಯ ಗುರುತು ಮಾಸಿದೆಯೆ? ನನ್ನ ನಂಬರನ್ನು ನೀವು ಬ್ಲಾಕ್ ಮಾಡಿದ್ದೀರಿ, ಅದಕ್ಕೆ ಇದನ್ನೆಲ್ಲ ಕಾಗದದಲ್ಲಿ ಕೇಳಬೇಕಾಯಿತು. ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ಅಪ್ಪನೂ ಚೆನ್ನಾಗಿದ್ದಾನೆ, ತನ್ನ ಅಕ್ಕನಾದರೂ ಅತ್ತೆಯ ಹೆಸರೆತ್ತುವುದನ್ನು ಮಾತ್ರ ಬಿಟ್ಟಿದ್ದಾನೆ.

ನಾನು ನಡೆಯುತ್ತಿದ್ದೇನೆ ಬಾವ. ಗೋಡೆ ಹಿಡಿಯದೆ, ನೆಟ್ಟಗೆ. ಎದುರಿಗೆ ಬರುವ ಆಟೋ ಎರಡಾಗಿ ಕಾಣುವುದಿಲ್ಲ. ನಾಲಿಗೆ ತೊದಲುವುದಿಲ್ಲ. ಅಮ್ಮನ ಜೊತೆ ಹುಣಸೆಹಣ್ಣಿನ ಬೀಜ ಬಿಡಿಸಲು ಹೋಗುತ್ತೇನೆ. ಅಲ್ಲಿನ ಹೆಂಗಸರು ಮೊದಮೊದಲು ನನ್ನ ಪಕ್ಕ ಕೂರುತ್ತಿರಲಿಲ್ಲ. ಕಲ್ಯಾಣದುರ್ಗದಲ್ಲಿ ನೀವು ಹಬ್ಬಿಸಿದ ಮಾತು ನನಗಿಂತ ಮೊದಲೇ ಇಲ್ಲಿಗೆ ಬಂದಿತ್ತು.

ಅತ್ತೆ ಕೆಟ್ಟವರಲ್ಲ. ಯುಗಾದಿಗೆ ಮುಂಚೆ, ಫಿಟ್ಸಿನ ಮಾತ್ರೆ ನುಂಗುತ್ತಿದ್ದರೂ ನನಗೆ ಮತ್ತೆ ಮೂರ್ಛೆ ಬಂದಾಗ ಅವರೇ ಹೆದರಿ ಬೆಳುಗುಪ್ಪದ ನಾಟಿವೈದ್ಯನ ಹತ್ತಿರ ಓಡಿದರು. ಮೆಣಸು, ಹಿಪ್ಪಲಿ ಕುಟ್ಟಿ ಕಷಾಯ ಕಾಯಿಸಿದರು. "ಬರೀ ಮಾತ್ರೆ ನುಂಗಿದ್ರೆ ಅರ್ಧ ಹಂಗೇ ಹೊರಕ್ಕೋಯ್ತದೆ ಕಣಮ್ಮಿ. ಇದು ಕುಡಿದ್ರೆ ಕರುಳು ಪೂರಾ ಎಳ್ಕತದೆ" ಎಂದು ದಿನಾ ಬೆಳಿಗ್ಗೆ ಎದುರಿಗೆ ಕೂತು ಕುಡಿಸಿದರು. ಗಂಟಲು ಉರಿದರೆ ಬೆಲ್ಲ ಕೊಡುತ್ತಿದ್ದರು. ಸ್ವಲ್ಪ ದಿನಕ್ಕೆ ನನ್ನ ಕಾಲು ನನ್ನ ಮಾತು ಕೇಳದಾಯಿತು. ಪಕ್ಕದ ಮನೆ ಶಿವಲಕ್ಷ್ಮಮ್ಮನ ಮಗಳ ಸೀಮಂತದಲ್ಲಿ ಬಡಿಸಲು ಹೋಗಿ ಸಾರಿನ ಬಕೆಟ್ಟಿನ ಸಮೇತ ಪಂಕ್ತಿಯ ಮೇಲೆ ಬಿದ್ದೆ. ಯಾರೋ ನಕ್ಕರು. ನೀವು ನನ್ನನ್ನು ಎತ್ತಲಿಲ್ಲ. "ಬಾಯಿ ಬಿಡೇ" ಎಂದು ಅಷ್ಟು ಜನರ ಮುಂದೆ ನನ್ನ ಬಾಯಿ ಮೂಸಿದಿರಿ. ಮೆಣಸಿನ ವಾಸನೆ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಅದು ನಿಮಗೂ ಗೊತ್ತಾಯಿತು. ಆದರೂ ಕುಡಿದಿಲ್ಲ ಎಂದು ಒಬ್ಬರಿಗೂ ಹೇಳಲಿಲ್ಲ.

ಮೌನಿಕಾ ನನ್ನ ಕಂಕುಳಿಂದ ಮೆಟ್ಟಿಲ ಮೇಲೆ ಬಿದ್ದ ದಿನವೇ ನನ್ನನ್ನು ಹಿಂದೂಪುರಕ್ಕೆ ತಂದಿರಿ. ಆಸ್ಪತ್ರೆಯಲ್ಲಿ ರಕ್ತ ನೋಡಿದ ಡಾಕ್ಟರಮ್ಮ, "ಮಾತ್ರತೋ ಪಾಟು ಏಂ ತಾಗುತುನ್ನಾವಮ್ಮಾ?" ಎಂದು ತೆಲುಗಿನಲ್ಲಿ ಕೇಳಿದರು. ಮಾತ್ರೆಯ ಜೊತೆಗೆ ಕುಡಿಯುವುದು ಕಷಾಯವೊಂದೇ ಎಂದೆ. ಮಾತ್ರೆಯೂ ಒಳ್ಳೆಯದೇ, ಮೆಣಸೂ ಒಳ್ಳೆಯದೇ, ಆದರೆ ದಿನಾ ಎರಡೂ ಸೇರಿ ಕರುಳಿನ ಗೋಡೆ ದಾಟುವ ಔಷಧಿ ಹೆಚ್ಚಾಗಿದೆ, ಮೈಯಿಂದ ಹೊರಗೆ ಹೋಗುವುದು ನಿಧಾನವಾಗಿದೆ, ರಕ್ತದಲ್ಲಿ ಅದು ವಿಷದಷ್ಟು ಏರಿದೆ ಎಂದರು. ಕಷಾಯ ಬಿಟ್ಟರೆ ಮೊದಲಿನಂತಾಗುತ್ತಾಳೆ, ತಪ್ಪು ಇವಳದಲ್ಲ ಎಂದರು. ನೀವು ನನ್ನ ಪಕ್ಕದಲ್ಲೇ ಕೂತಿದ್ದಿರಿ. ಹೊರಗೆ ಬಂದ ಮೇಲೆ ನನ್ನ ಕೈ ಹಿಡಿದುಕೊಂಡಿರಿ. ಮದುವೆಯಾದ ಮೇಲೆ ಅಷ್ಟು ಮೆತ್ತಗೆ ಹಿಡಿದದ್ದು ಅದೇ ಮೊದಲು. "ಅವ್ವಂಗೆ ಹೇಳ್ಬ್ಯಾಡ ಕಣೇ. ತನ್ ಕೈಯಾರೆ ಆಗಿದ್ದು ಅಂತ ಗೊತ್ತಾದ್ರೆ ಅದು ಉಳಿಯಾಕಿಲ್ಲ" ಎಂದಿರಿ. ನಾನು ಹೂಂ ಎಂದೆ. ಬನ್ನು, ಚಹಾ ತರುತ್ತೇನೆಂದು ಹೋದಿರಿ. ಸಂಜೆ ಆಯಾ ಬಂದು ಬೆಂಚು ಖಾಲಿ ಮಾಡಿಸುವವರೆಗೂ ಕೂತಿದ್ದೆ.

ಅತ್ತೆಯನ್ನು ಉಳಿಸಲು ನನ್ನನ್ನು ಕುಡುಕಿ ಮಾಡಿದಿರಿ. ಅದನ್ನೂ ಸಹಿಸಿದ್ದೆ. ಆದರೆ ರೊದ್ದಂನಲ್ಲಿ ಹೆಣ್ಣು ನೋಡಿ ಬಂದಿರಂತೆ. ಮೊದಲನೆಯವಳು ಕುಡಿದು ಕೂಸನ್ನು ಕೆಡವಿದಳು ಎಂದು ಆ ಮನೆಯವರ ಹತ್ತಿರ ಅತ್ತೆಯ ಬಾಯಿಂದಲೇ ಹೇಳಿಸಿದಿರಂತೆ. ಪಾಪ, ಅವರು ಅದನ್ನು ನಿಜವೆಂದೇ ನಂಬಿ ಹೇಳಿದ್ದಾರೆ.

ಮೌನಿಕಾಳಿಗೆ ಮುತ್ತು. ಅತ್ತೆಯ ಪಾದಕ್ಕೆ ನಮಸ್ಕಾರ ತಿಳಿಸಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಇಂತಿ ನಿಮ್ಮ ಹೆಂಡತಿ,
ರಮಾದೇವಿ

ಮರೆತಿದ್ದೆ: ಶಿವಲಕ್ಷ್ಮಮ್ಮನ ಫೋನಿಗೆ ಇವತ್ತು ಬೆಳಿಗ್ಗೆ ಮಾಡಿ ಅತ್ತೆಯನ್ನು ಕರೆಸಿಕೊಂಡೆ. ಡಾಕ್ಟರಮ್ಮ ಹೇಳಿದ್ದೆಲ್ಲ ಹೇಳಿದೆ. ನಿಮಗೆ ಅವತ್ತೇ ಗೊತ್ತಿತ್ತು ಎಂಬುದನ್ನೂ ಹೇಳಿದೆ. ಅವರು "ನಾನೇನಾ, ಕೂಸೇ?" ಎಂದು ಒಂದೇ ಮಾತು ಕೇಳಿದರು. ಹೌದು ಅತ್ತೆ, ನೀವೇ ಎಂದೆ. ಹಿಂದಿನಿಂದ ಮೌನಿಕಾ, "ಅಜ್ಜಿ ಯಾಕೆ ನೆಲಕ್ಕೆ ಕುಂತ್ಕಂಡೆ?" ಎನ್ನುತ್ತಿದ್ದಳು. ನಾನು ಫೋನು ಇಟ್ಟುಬಿಟ್ಟೆ. ಅಪ್ಪನ ಜೊತೆ ಇಪ್ಪತ್ತೆರಡಕ್ಕೆ, ಸೋಮವಾರ ಬರುತ್ತೇನೆ. ಮಗಳ ಬಟ್ಟೆ ಕಟ್ಟಿಡಿ.