ಚಿಕ್ಕನಿಗೆ ಎರಡೆರಡು ಊಟ

ಜೂನ್ ೧೪, ಭಾನುವಾರ

ರೀ,

ಕೋಪ ಮಾಡಿಕೊಂಡು ಕೂತಿದ್ದೀರಾ? ಕೂತಿರಿ, ತಪ್ಪು ನನ್ನದೇ. ಪ್ರೆಸ್ಸಿಗೆ ಶಾಲೆ ಪುಸ್ತಕಗಳ ಕೆಲಸ ಬಂದು ಬಿದ್ದಿದೆ. ಬೈಂಡಿಂಗ್ ಮಾಡಿ ಮಾಡಿ ಬೆರಳಿಗೆಲ್ಲ ಗೋಂದು, ಮನೆಗೆ ಬಂದರೆ ಪೆನ್ನು ಹಿಡಿಯಲೂ ಬೇಜಾರು. ಫೋನಿನಲ್ಲಿ ಹೇಳೋಣವೆಂದರೆ ಅತ್ತೆ ಹೊಲಿಗೆ ಮೆಷಿನ್ ನಿಲ್ಲಿಸಿ ಕಿವಿ ಇತ್ತ ಕೊಡುತ್ತಾರೆ. ಅದಕ್ಕೇ ಈ ಕಾಗದ.

ಸೇತುವೆ ಕೆಲಸದಲ್ಲಿ ಪೈಪಿನೊಳಗೆ ಸಿಕ್ಕಿತೆಂದು ಲಾರಿ ಡ್ರೈವರ್ ಕೈಯಲ್ಲಿ ನಾಯಿಮರಿ ಕಳಿಸಿದಿರಲ್ಲ, ಚಿಕ್ಕ ಎಂದು ಹೆಸರಿಟ್ಟು? ಈಗ ಬಂದು ನೋಡಿ ನಿಮ್ಮ ಚಿಕ್ಕನನ್ನು! ಬಾಗಿಲಿಗೆ ಅಡ್ಡ ಮಲಗಿದರೆ ದಾಟಿಕೊಂಡು ಹೋಗಬೇಕು. ಎದುರುಮನೆ ಮೇಷ್ಟ್ರು ಮೊನ್ನೆ, "ಏನಮ್ಮಾ, ಇದು ನಾಯಿನೋ ದಿಂಬೋ?" ಎಂದು ಕೇಳಿದರು. ನನಗೆ ನಗು ಬಂತು, ಅತ್ತೆಗೆ ಸಿಟ್ಟು ಬಂತು.

ಅತ್ತೆಗೂ ನನಗೂ ಮಾತಿಲ್ಲದ್ದು ನಿಮಗೆ ಗೊತ್ತೇ ಇದೆ. ಮಗು ಹೋದ ದಿನ ಅವರು ಆಡಿದ ಆ ಒಂದು ಮಾತಿನಿಂದ ನನ್ನ ಬಾಯಿ ಕಟ್ಟಿತು, ಆಮೇಲೆ ಅವರದೂ ಕಟ್ಟಿತು. ಇಷ್ಟು ದಿನ ಗೋಡೆಗೋ ಕುಕ್ಕರಿಗೋ ಹೇಳುತ್ತಿದ್ದರು. ಚಿಕ್ಕ ಬಂದಮೇಲೆ ಕಷ್ಟವೆಲ್ಲ ಅವನ ತಲೆಗೆ. "ಏ ಚಿಕ್ಕಾ, ಗ್ಯಾಸ್ ಮುಗೀತಾ ಬಂತು ಅಂತ ಹೇಳೋ." ನಾನೂ ಬಿಡುತ್ತೇನೆಯೇ? "ಚಿಕ್ಕಾ, ನಿನ್ನೆನೇ ಬುಕ್ ಮಾಡಾಯ್ತು ಅಂತ ಹೇಳೋ." ಅವನು ಇಬ್ಬರ ಮುಖವನ್ನೂ ನೋಡಿ ಬಾಲ ಅಲ್ಲಾಡಿಸುತ್ತಾನೆ. ಆದರೂ ಅವರು ಒಮ್ಮೆ ನನ್ನ ಮುಖ ನೋಡಿ ಮಾತಾಡಲಿ ಎಂದು ನಾನು ಎಷ್ಟು ಕಾದಿದ್ದೆ, ನಿಮಗೇನು ಗೊತ್ತು.

ಇದರಲ್ಲಿ ಲಾಭವಾದದ್ದು ಅವನೊಬ್ಬನಿಗೆ. ನಾನು ಕೆಲಸಕ್ಕೆ ಹೊರಡುವ ಮುಂಚೆ ಅನ್ನಕ್ಕೆ ಮೊಟ್ಟೆ ಕಲಸಿ ಹಾಕುವುದು. ನಾನು ಗೇಟು ದಾಟಿದ್ದೇ ತಡ, ಅವನು ಖಾಲಿ ತಟ್ಟೆ ಕಚ್ಚಿಕೊಂಡು ಅತ್ತೆಯ ಮುಂದೆ ಹಾಜರು. "ಅಯ್ಯೋ ಪಾಪ, ಹಾಗೇ ಬಿಟ್ಟು ಹೋದಳೇನೋ ನಿನ್ನನ್ನ" ಎಂದು ಅವರೂ ಒಂದು ತಟ್ಟೆ. ಸಂಜೆ ನಾನು ಬಂದರೆ ಮತ್ತೆ ಅದೇ ನಾಟಕ. ಇವರು ಒಂದು ತೊಟ್ಟು ಹಾಲೂ ಹಾಕಿಲ್ಲವಲ್ಲ ಎಂದು ನಾನು ಮನಸ್ಸಿನಲ್ಲೇ ಬೈದುಕೊಂಡು ಬಟ್ಟಲು ತುಂಬಿಸುತ್ತಿದ್ದೆ. ಕಳ್ಳ ರೀ ಇವನು!

ಹೋದ ವಾರ ಮುಂಗಾಲು ಎಳೆಯುತ್ತಾ ಕುಂಟತೊಡಗಿದ. ಆಟೋದಲ್ಲಿ ಅವನನ್ನು ನಡುವೆ ಕೂರಿಸಿಕೊಂಡು ಇಬ್ಬರೂ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮನದು ಬಾಯಿ ಜೋರು. "ದಿನಕ್ಕೆ ಎಷ್ಟು ಊಟ?" ಎಂದರು. "ಮೂರು" ಎಂದೆವು, ಇಬ್ಬರೂ ಒಟ್ಟಿಗೇ.

"ಎಲ್ಲಾ ಸೇರಿ ಮೂರೋ, ಒಬ್ಬೊಬ್ಬರದು ಮೂರೋ?"

ನಾವಿಬ್ಬರೂ ಚಿಕ್ಕನ ಮುಖ ನೋಡಿದೆವು.

"ಅವನನ್ನೇನು ನೋಡ್ತೀರಾ, ಸಾಕ್ಷಿ ಹೇಳ್ತಾನಾ? ಬೆಳೆಯೋ ಮರಿ ನಿಜ, ಆದರೆ ಮೂಳೆ ಇನ್ನೂ ಎಳೇದು, ಈ ಭಾರ ತಡೆಯಲ್ಲ. ಪಕ್ಕೆ ಸವರಿದರೆ ಎಲುಬು ಕೈಗೆ ಸಿಗಬೇಕು. ಯಾರು ಹಾಕಿದಿರಿ ಅಂತ ಒಬ್ಬರಿಗೊಬ್ಬರು ಹೇಳ್ಕೊಳ್ಳೋಕೆ ನಿಮಗೇನು ರೋಗ?" ಎಂದು ಚೆನ್ನಾಗಿ ಉಗಿದು ಕಳಿಸಿದರು.

ಮರುದಿನ ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟುತ್ತಿದ್ದೆ. ಚಿಕ್ಕ ಹಿತ್ತಲಲ್ಲಿದ್ದ. ಅತ್ತೆ ಅಡುಗೆಮನೆ ಬಾಗಿಲಿಗೆ ಬಂದು ನಿಂತರು, ಸೆರಗು ಸರಿಮಾಡಿಕೊಂಡರು, ಕೆಮ್ಮಿದರು.

"ಹಾಕಿದ್ಯಾ?"

ನಾಯಿಗಲ್ಲ ರೀ, ನನಗೆ! "ಇಲ್ಲ ಅತ್ತೆ, ನೀವೇ ಹಾಕಿ" ಎಂದೆ. ಹಾಕಿದ್ದೆ, ಸುಳ್ಳು ಹೇಳಿಬಿಟ್ಟೆ. ಅವನಿಗೆ ಅವತ್ತೊಂದು ದಿನ ಹಬ್ಬ.

ಈಗ ಸರಿಯಾಗಿ ಮೂರೇ ಊಟ. ಕುಂಟುವುದು ಕಡಿಮೆಯಾಗಿದೆ. ನೀವು ಬೆಲ್ಟು ಕಟ್ಟಿಕೊಳ್ಳದೆ ಕ್ರೇನ್ ಹತ್ತಬೇಡಿ, ಹೊತ್ತಿಗೆ ಸರಿಯಾಗಿ ಉಣ್ಣಿ. ದೇವರು ನಿಮ್ಮನ್ನು ತಣ್ಣಗಿಟ್ಟಿರಲಿ.

ನಿಮ್ಮವಳು

ಮರೆತಿದ್ದೆ: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ನಿನ್ನೆ ಊಟ ಮುಗಿಸಿದ ಮೇಲೂ ಚಿಕ್ಕ ಕುಂಯ್ ಕುಂಯ್ ಎನ್ನುತ್ತಲೇ ಇದ್ದ. ಅತ್ತೆ ಅವನ ಹೊಟ್ಟೆ ಸವರುತ್ತಾ, "ನೋಡೇ, ಹೊಟ್ಟೆ ತುಂಬಿದ್ರೂ ಅಳುತ್ತೆ. ಕೂಸೂ ಹಾಗೇ ಅತ್ತಿರಬೇಕು ಕಣೇ. ನಿನ್ನ ಹಾಲು ಸಾಲದೆ ಹೋಯ್ತು ಅಂದ್ನಲ್ಲ ನಾನು, ಯಾವ ಬಾಯಲ್ಲಿ ಅಂದೆನೋ" ಎಂದರು. ಇಬ್ಬರೂ ಅತ್ತೆವು. ಅವರ ಮೇಲೆ ನನಗೀಗ ಏನೂ ಇಲ್ಲ. ಆದರೆ ಅವರು ಆ ಮಾತು ಆಡಿದಾಗ ನೀವೂ ಬಾಗಿಲಲ್ಲೇ ನಿಂತಿದ್ದಿರಿ. ಒಂದು ಮಾತೂ ಆಡಲಿಲ್ಲ. ನೀವೂ ಹಾಗೇ ಅಂದುಕೊಂಡಿದ್ದಿರಾ? ಬೇರೆ ಯಾವುದಕ್ಕೂ ಉತ್ತರ ಬರೆಯದಿದ್ದರೂ ಪರವಾಗಿಲ್ಲ, ಇದೊಂದಕ್ಕೆ ಬರೆಯಿರಿ.