ಹಿಟ್ಟಿಗೆ ಕೈ ಹಾಕಿದ್ದು ನಾನೇ

ಅಟ್‌ಬಾಷಿ,
ಮಾರ್ಚ್ ೯

ಮಗಾ ಎರ್ಮೆಕ್,

ಹೇಗಿದ್ದೀಯೋ? ನೀನು ದುಡಿಯೋಕೆ ಹೋದ ಆ ಕಜಾನ್ ಊರಿನ ಚಳಿಗೆ ನಿನ್ನ ಸೊಂಟನೋವು ಜಾಸ್ತಿಯಾಗಿಲ್ಲ ತಾನೇ? ಬಿಸಿಬಿಸಿಯಾಗಿ ಏನಾದ್ರೂ ತಿನ್ನು, ಬರೀ ಬ್ರೆಡ್ಡಿನಲ್ಲಿ ದಿನ ದೂಡಬೇಡ. ಎಡಗೈಲಿ ಬರೀತಿದ್ದೀನಿ, ಅಕ್ಷರ ಸೊಟ್ಟಗಿದ್ರೆ ನಗಬೇಡ. ಫೋನಿನಲ್ಲಿ ನೀನು ನನಗೆ ಬಾಯಿ ತೆಗೆಯೋಕೇ ಬಿಡಲ್ಲ, ಅದಕ್ಕೇ ಈ ಕಾಗದ.

ನನಗೆ ಲಕ್ವ ಹೊಡೆದ ಮೇಲೆ ಆಸ್ಪತ್ರೆಯಿಂದ ಮೇರಿಮ್ ಅಂತ ಒಬ್ಬಳು ಬರ್ತಿದ್ಲಲ್ಲ, ಆಕ್ಯುಪೇಷನಲ್ ಥೆರಪಿಸ್ಟ್, ದಿನದ ಕೆಲಸಗಳನ್ನೇ ಮಾಡಿಸಿ ಕೈಕಾಲು ಮತ್ತೆ ಪಳಗಿಸೋಳು. ಕೈ ತಿಕ್ಕಿ ಹೋಗ್ತಾಳೆ ಅಂದ್ಕೊಂಡಿದ್ದೆ. ಅವಳೋ, "ಅಜ್ಜೀ, ನಿನ್ನೆ ಬೆಳಗ್ಗಿಂದ ಏನೇನು ಮಾಡಿದ್ರಿ, ಹೇಳಿ" ಅಂತ ಕೂತಳು. ಏನು ಹೇಳಲಿ? ಗೋಡೆಗೊರಗಿ ಕೂತೆ, ಬುರುಲ್ ಚಹಾ ಕೊಟ್ಟಳು, ಕುಡಿದೆ, ಮತ್ತೆ ಕೂತೆ. ಆಮೇಲೆ ಬುರುಲನ್ನೂ ಅದನ್ನೇ ಕೇಳಿದಳು. ನಿನ್ನ ಹೆಂಡತಿ ಹಸು, ಸಗಣಿ, ಹೊಳೆಯ ನೀರು, ಒಲೆ, ಮಕ್ಕಳು, ನನ್ನ ಸ್ನಾನ ಅಂತ ಹೇಳ್ತಾ ಹೇಳ್ತಾ, ಮಧ್ಯಾಹ್ನದ ಕೆಲಸಕ್ಕೆ ಬರೋದ್ರೊಳಗೇ ಅತ್ತುಬಿಟ್ಟಳು. "ನಿಮಗೋಸ್ಕರ ಏನು ಮಾಡ್ಕೊಂಡ್ರಿ?" ಅಂದ್ರೆ ನನ್ನ ಖಾಲಿ ಲೋಟ ಎತ್ಕೊಂಡು ತೊಳೆಯೋಕೆ ಕೂತಳು. ಮೇರಿಮ್ ನನ್ನ ಕಡೆ ತಿರುಗಿ, "ನಿಮಗೆ ಮಾಡೋಕೆ ಏನೂ ಇಲ್ಲ, ಇವರಿಗೆ ಉಸಿರಾಡೋಕೂ ಬಿಡುವಿಲ್ಲ. ಹೀಗೇ ಬಿಟ್ರೆ ಇಬ್ಬರೂ ಹಾಸಿಗೆ ಹಿಡೀತೀರಿ" ಅಂದಳು. ಹಿಟ್ಟು ನಾದೋದು ನನಗೆ, ಊಟ ಆದ್ಮೇಲೆ ಒಂದಿಷ್ಟು ಹೊತ್ತು ಮಲಗೋದು ಬಸುರಿ ಬುರುಲಿಗೆ ಅಂತ ಹಂಚಿದಳು. ಅಬ್ಬಬ್ಬಾ! ಮೊದಲ ಸಲ ಬಲಗೈ ಬೆರಳು ಹಿಟ್ಟಿನೊಳಗೆ ಅಲುಗಾಡಿದಾಗ ಚಿಕ್ಕ ಮಗು ಥರ ನಕ್ಕೆ ಕಣೋ. ಬುರುಲ್ ಕೂಡ ಎಂದೋ ಬಿಟ್ಟಿದ್ದ ಕಸೂತಿ ಹಿಡಿದಳು.

ಅಷ್ಟರಲ್ಲಿ ಪಕ್ಕದ ಮನೆ ಸೈರಾ ಬಗ್ಗಿ ನೋಡಿದಳು. "ಲಕ್ವ ಹೊಡೆದ ಅತ್ತೆ ಕೈಲಿ ಹಿಟ್ಟು ನಾದಿಸ್ತಾಳೆ, ಎಂಥ ಸೊಸೆಯಪ್ಪಾ!" ಅಂತ ಊರಿಗೆಲ್ಲ ಡಂಗುರ ಹೊಡೆದಳು. ನಿನ್ನ ಕಿವಿಗೂ ಬಿತ್ತು. "ನಮ್ಮಮ್ಮನ್ನ ಆಳು ಮಾಡ್ಕೊಂಡಿದ್ದೀಯಾ?" ಅಂತ ಫೋನಿನಲ್ಲಿ ನೀನು ಕೂಗಿದ್ದು ನನಗೂ ಕೇಳಿಸ್ತು. ಅವತ್ತಿಂದ ಹಿಟ್ಟಿನ ಬೋಗುಣಿ ನನ್ನ ಮುಂದೆ ಬರಲೇ ಇಲ್ಲ. "ಬೇಡ ಅತ್ತೆ, ಅವರು ಬೈತಾರೆ" ಅಂತ ಮತ್ತೆ ಗೋಡೆಗೊರಗಿಸಿ ಕೂರಿಸಿದಳು. ಅವಳ ಮಧ್ಯಾಹ್ನದ ನಿದ್ದೆಯೂ ಹೋಯ್ತು, ನನ್ನ ಕೈಯೂ ಮರಗಟ್ಟಿತು. ನಿನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.

ದೇವರು ನಿನಗೆ ಆಯಸ್ಸು ಕೊಡಲಿ, ಬುದ್ಧಿಯನ್ನೂ ಕೊಡಲಿ.

ನಿನ್ನ ಅಮ್ಮ,
ಸಾಲ್ಕಿನ್

ಇನ್ನೊಂದು ಮಾತು, ಮೇಲೆ ಬರೆಯೋಕೆ ಧೈರ್ಯ ಸಾಲಲಿಲ್ಲ. ಹೋದ ವಾರ ಬುರುಲ್ ನೀರು ಹೊತ್ತು ಬರುವಾಗ ಮಂಜುಗಡ್ಡೆ ಮೇಲೆ ಜಾರಿ ಬಿದ್ದಳು. ಹೊಟ್ಟೆಯಲ್ಲಿದ್ದ ಮಗು ಉಳೀಲಿಲ್ಲ. "ಅಲ್ಲಿ ದುಡಿದು ಸುಸ್ತಾಗಿರ್ತಾರೆ, ಹೇಳಬೇಡಿ ಅತ್ತೆ" ಅಂದಳು. ಮಕ್ಕಳ ಜೊತೆ ತವರಿಗೆ ಕಳಿಸಿದ್ದೀನಿ. ಹಸು ಕರೆಯೋಕೆ ಆ ಸೈರಾಳನ್ನೇ ಹಚ್ಚಿದ್ದೀನಿ. ಫೋನು ಮಾಡಿ ಬುರುಲನ್ನ ವಾಪಸ್ ಕರೆದೀಯಾ, ಹುಷಾರ್! ನನ್ನ ನೋಡ್ಕೊಳ್ಳೋರು ಯಾರು ಅಂತೀಯಾ? ನೀನು ಬಾ.