ಕೆಳಗಿನ ರುಜು

ಭಾವಾ, ಕನ್ನಡಕ ಹಾಕಿಕೊಂಡೇ ಓದಿ. ಈ ಕಾಡಿನ ಪುಟ್ಟ ಓತಿಕ್ಯಾತ ಹಿಂಗಾಲುಗಳ ಮೇಲೆ ಎದ್ದು ಓಡುತ್ತದೆ ಎಂದು ಬರೆದಿದ್ದಕ್ಕೆ, "ನಿನ್ನ ತಂಗಿ ರೈಲು ಬಿಡ್ತಾಳೆ" ಎಂದು ಅಕ್ಕನ ಮುಂದೆ ನಕ್ಕಿರಂತೆ. ನಾನು ಅಡುಗೆ ಮಾಡುವ ಈ ಶಿಬಿರದ ಸಂಶೋಧಕರಿಗೇ ಮೂರು ವಾರದಿಂದ ಅದರ ಓಟದ ಒಂದು ಫೋಟೊವೂ ಸಿಕ್ಕಿರಲಿಲ್ಲ. ಇವತ್ತು ನಾನು ಬಾಣಲೆಯ ಮಸಿಗೆ ಎಣ್ಣೆ ಕಲಸಿ ಹಳೇ ಪೇಪರಿಗೆ ಬಳಿದು, ಅಡುಗೆಮನೆಯ ಹಿಂದೆ ಅದು ಓಡಾಡುವ ಸಂದಿಯಲ್ಲಿ ಹಾಸಿದೆ. ಆ ಪೇಪರಿನ ಮುಂದೆ ಈ ಕಾರ್ಡಿಟ್ಟೆ. ಸೌಟಿನಿಂದ ತಟ್ಟೆ ಬಡಿದೆ ನೋಡಿ, ಬಾಲ ಎತ್ತಿಕೊಂಡು, ಮಸಿ ತುಳಿದು, ಕಾರ್ಡಿನ ಮೇಲೆ ಹಾದು ಪರಾರಿ! "ಅಡುಗೆಯಮ್ಮ ಗೆದ್ಬಿಟ್ರು ಕಣ್ರೋ!" ಎಂದು ದೊಡ್ಡ ಸಂಶೋಧಕರೇ ಕುಣಿದರು. ಕಾರ್ಡು ಕೇಳಿದರು, ಕೊಡಲಿಲ್ಲ. ಮಂಡಿನೋವು ವಾಸಿಯಾಗಿದೆ, ಅಕ್ಕನಿಗೆ ಹೇಳಿ. ಕೆಳಗಿನ ರುಜು ನನ್ನದಲ್ಲ, ಅದರದು. ಕಾಲು ಎಷ್ಟೆಂದು ನೀವೇ ಎಣಿಸಿಕೊಳ್ಳಿ.